ಬೆನ್ನಚೀಲ – ಓದುಗರ ಪ್ರಶ್ನೋತ್ತರ: ಮರದ ಮೇಲಿನ ಮನೆಗೆ ತಂತಿಯೇ ದಾರಿ

ಗೆಳತಿಯರ ಜೊತೆ ಬೆನ್ನಿಗೆ ಚೀಲ ಏರಿಸಿಕೊಂಡು ಉತ್ತರ ಲಾವೋಸ್‌ಗೆ ಹೋಗಿದ್ದನ್ನೂ, ಅಲ್ಲಿನ ಕಾಡಿನ ಮರದ ಮನೆಯಲ್ಲಿ ಮಲಗಿ, ಮರದಿಂದ ಮರಕ್ಕೆ ಜಿಪ್‌ಲೈನಿನಲ್ಲಿ (ಎಳೆದು ಕಟ್ಟಿದ ತಂತಿಗೆ ನೇತುಬಿದ್ದು ಜಾರುವುದು) ಓಡಾಡಿದ್ದನ್ನೂ ಹಿಂದಿನ ಸಂಚಿಕೆಯಲ್ಲಿ ಚಿಕ್ಕದಾಗಿ ಬರೆದಿದ್ದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವರು ಹೊರಟೇಬಿಟ್ಟಿದ್ದಾರೆ, ಕೆಲವರು ಹೊರಟವರನ್ನು ತಡೆಯಲು ನೋಡುತ್ತಿದ್ದಾರೆ, ಒಬ್ಬರು ತಮ್ಮ ತೋಟದಲ್ಲೇ ಕಟ್ಟಲು ಹೊರಟಿದ್ದಾರೆ. ಈ ಸಲದ ಅಂಕಣವೆಲ್ಲ ಇದಕ್ಕೇ.

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಇಂಜಿನಿಯರಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದೇವೆ. ಥಾಯ್ಲೆಂಡ್, ಲಾವೋಸ್ ಸುತ್ತುವ ಯೋಚನೆ ಇದೆ. ಆ ಮರದ ಮನೆಗೆ ಹೋಗುವುದು ಹೇಗೆ, ಯಾವ ತಿಂಗಳು ಒಳ್ಳೆಯದು, ಜಿಪ್‌ಲೈನ್ ನಿಜಕ್ಕೂ ಸೇಫಾ? – ಓದುಗ, ಎಸ್.ಎಸ್.ಪುರಂ, ತುಮಕೂರು

ಉತ್ತರ: ದಾರಿ ಸುಲಭ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ವಿಮಾನದಲ್ಲೋ ರಾತ್ರಿ ಬಸ್ಸಿನಲ್ಲೋ ಉತ್ತರದ ಚಿಯಾಂಗ್ ರಾಯ್, ಅಲ್ಲಿಂದ ಬಸ್ಸಿನಲ್ಲಿ ಚಿಯಾಂಗ್ ಖೋಂಗ್. ಮೆಕಾಂಗ್ ನದಿಯ ಈ ದಡ ಥಾಯ್ಲೆಂಡ್, ಆ ದಡ ಲಾವೋಸಿನ ಹುಯೆ ಸಾಯ್. ಮೊದಲೆಲ್ಲ ದೋಣಿಯಲ್ಲಿ ದಾಟಬೇಕಿತ್ತು, 2013ರಲ್ಲಿ ಸೇತುವೆ ಆಯಿತು. ಹುಯೆ ಸಾಯ್ ಬೊಕೆಯೊ ಪ್ರಾಂತ್ಯದ ಊರು. ನಾಮ್ ಕಾನ್ ರಾಷ್ಟ್ರೀಯ ಉದ್ಯಾನಕ್ಕೆ ಜೀಪು ಹೊರಡುವುದು ಅಲ್ಲಿಂದ. ಜೀಪು ಇಳಿದ ಮೇಲೆ ನಡಿಗೆ, ನಡಿಗೆಯ ಕೊನೆಗೆ ತಂತಿ. ‘ಗಿಬ್ಬನ್ ಎಕ್ಸ್‌ಪೀರಿಯೆನ್ಸ್’ ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತಾರೆ, ಗಿಬ್ಬನ್ ಅಂದರೆ ಆ ಕಾಡಿನ ಬಾಲವಿಲ್ಲದ ವಾನರ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಟಿಕೆಟ್ ಮಾಡಿಸುವ ಮೊದಲು ಎರಡೂ ದೇಶಗಳ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರಲಿ.

ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗಿ. ಬೆಳಗಿನ ಜಾವ ಚಳಿ ಇರುತ್ತದೆ, ಸ್ವೆಟರ್ ಬೇಕು. ಮಾರ್ಚ್, ಏಪ್ರಿಲಿನಲ್ಲಿ ಆ ಕಡೆಯೆಲ್ಲ ಬೇಸಾಯಕ್ಕೆಂದು ಗುಡ್ಡಕ್ಕೆ ಬೆಂಕಿ ಇಡುತ್ತಾರೆ, ಹೊಗೆಯಲ್ಲಿ ಎದುರಿನ ಬೆಟ್ಟ ಕಾಣುವುದಿಲ್ಲ, ಗಂಟಲು ಉರಿಯುತ್ತದೆ. ಮೇನಿಂದ ಅಕ್ಟೋಬರ್ ಮಳೆ. ಕಾಡು ಹಸಿರಾಗಿ ಉಕ್ಕುತ್ತಿರುತ್ತದೆ, ಜಿಗಣೆಯೂ ಅಷ್ಟೇ.

ಇನ್ನು ಸೇಫಾ ಅನ್ನುವ ಮಾತು. ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ನಿಮ್ಮನ್ನು ಕಳಿಸಲು ನನಗೆ ಮನಸ್ಸಿಲ್ಲ. ಮರದ ಮನೆಗಳು ನೆಲದಿಂದ ಮೂವತ್ತು, ನಲವತ್ತು ಮೀಟರ್ ಎತ್ತರದಲ್ಲಿವೆ, ಒಳಗೆ ಹೋಗಲು ತಂತಿ ಬಿಟ್ಟರೆ ಬೇರೆ ದಾರಿ ಇಲ್ಲ. ಕಣಿವೆಯ ಮೇಲೆ ಹಾದುಹೋಗುವ ಕೆಲವು ತಂತಿಗಳು ಅರ್ಧ ಕಿಲೋಮೀಟರಿಗೂ ಉದ್ದ. ಗೈಡ್ ಮೊದಲು ತೋರಿಸಿಕೊಡುತ್ತಾರೆ, ಆಮೇಲೆ ಕ್ಲಿಪ್ ಹಾಕಿಕೊಳ್ಳುವುದು ನಿಮ್ಮ ಕೈ. ಸಂಜೆ ಊಟ ತಲುಪಿಸಿ ಗೈಡ್ ತಂತಿಯಲ್ಲೇ ಹೊರಟುಹೋಗುತ್ತಾರೆ, ಬೆಳಿಗ್ಗೆ ಬರುತ್ತಾರೆ. ಆದ್ದರಿಂದ ಕಲಿಸಿದ್ದನ್ನು ಕಲಿಸಿದ ಹೊತ್ತಿನಲ್ಲೇ ಕಲಿಯಬೇಕು.

ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ನಾನು ಕಲಿತಾಗ ಕೈಗೆ ಹತ್ತಿದ ಒಂದು ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ: ಹೊರಡುವ ಮುನ್ನ ಜೊತೆಗಾರರ ಮೈಮೇಲಿನದ್ದನ್ನು ನಾನು ಮುಟ್ಟಿ ನೋಡುತ್ತೇನೆ, ನನ್ನದನ್ನು ಅವರು ಮುಟ್ಟಿ ನೋಡುತ್ತಾರೆ. ಕಣ್ಣಿನಲ್ಲಿ ನೋಡಿದರೆ ಸಾಲದು, ಮುಟ್ಟಬೇಕು. ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್ಸಿನ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂತಿದೆಯೇ, ಅಂಗೈ ಚಪ್ಪಟೆ ತೂರಿಸುವಷ್ಟೇ ಸಡಿಲವಿದೆಯೇ, ಬಕಲ್ ಬಿಗಿದಿದೆಯೇ ನೋಡಿ. ಲೋಹದ ಕೊಂಡಿ, ಅಂದರೆ ಕ್ಯಾರಾಬೀನರಿನ ತಿರುಪು ಪೂರ್ತಿ ಮುಚ್ಚಿದೆಯೇ ಎಂದು ಹಿಂಡಿ ನೋಡಿ. ಅದರ ಮೈಮೇಲೆ ಒಂದು ಅಂಕಿ, ಪಕ್ಕದಲ್ಲಿ ಕೆಎನ್ ಎಂಬ ಗುರುತು ಕೊರೆದಿರುತ್ತದೆ. ಒಂದು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ 100 ಕಿಲೋ ತೂಕ. 22 ಅಂತ ಇದ್ದರೆ ಉದ್ದಕ್ಕೆ ಎಳೆದಾಗ 2,200 ಕಿಲೋ ತಾಳಬಲ್ಲದು ಎಂದರ್ಥ. ಅದೇ ಕೊಂಡಿ ತಿರುಗಿಕೊಂಡು ಅಡ್ಡಕ್ಕೆ ಎಳೆತ ಬಿದ್ದರೆ ಶಕ್ತಿ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ತಂತಿಯ ಮೇಲೆ ಉರುಳುವ ರಾಟೆಯ ಜೊತೆಗೆ ತಂತಿಗೆ ಎರಡನೆಯದೊಂದು ಪಟ್ಟಿ ಬೇರೆಯಾಗಿ ಸಿಕ್ಕಿಸಿರಬೇಕು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಬೇಕಲ್ಲ. ಕೂದಲು ಕಟ್ಟಿ, ಕೊರಳಿನ ದಾರ, ಶಾಲು ಎಲ್ಲ ಒಳಗೆ ಸೇರಿಸಿ.

ತಂತಿಯ ಮೇಲೆ ಹೊರಟಾಗ ಕೈ ಯಾವತ್ತೂ ರಾಟೆಯ ಮುಂದೆ ಹೋಗಕೂಡದು. ಬ್ರೇಕ್ ಅಂದರೆ ಅಲ್ಲಿ ಒಂದು ರಬ್ಬರಿನ ತುಂಡು, ಅದನ್ನು ರಾಟೆಯ ಹಿಂದೆ ತಂತಿಗೆ ಒತ್ತುವುದು, ಅಷ್ಟೇ. ಬೇಗ ಒತ್ತಿದರೆ ಅಟ್ಟಣೆ ತಲುಪುವ ಮೊದಲೇ ನಿಲ್ಲುತ್ತೀರಿ. ತಂತಿ ನಡುವೆ ಜೋಲು ಬಿದ್ದು ಕೊನೆಯಲ್ಲಿ ತುಸು ಏರುತ್ತದೆ, ಹಾಗಾಗಿ ನಿಂತವರು ಹಿಂದಕ್ಕೂ ಜಾರುತ್ತಾರೆ. ಗಾಬರಿ ಬೇಡ. ಮೈ ತಿರುಗಿಸಿ, ಬಂದ ದಿಕ್ಕಿಗೆ ಮುಖ ಮಾಡಿ, ತಂತಿಯನ್ನು ಒಂದು ಕೈ ಆದ ಮೇಲೆ ಇನ್ನೊಂದು ಕೈಯಲ್ಲಿ ಹಿಡಿದು ಎಳೆದುಕೊಳ್ಳುತ್ತ ಹಿಂದುಹಿಂದಕ್ಕೆ ಸಾಗಬೇಕು. ಹಗುರ ಮೈಯವರಿಗೆ ಇದು ಹೆಚ್ಚು ಆಗುತ್ತದೆ, ಭಾರದವರು ಗಾಳಿಯ ತಡೆಯನ್ನು ಸೀಳಿಕೊಂಡು ಜೋರಾಗಿ ಬಂದುಬಿಡುತ್ತಾರೆ. ನಿಮ್ಮ ನಾಲ್ವರಲ್ಲಿ ಸಣಕಲು ಯಾರೋ ಅವರಿಗೆ ಇದನ್ನು ಮೊದಲೇ ಹೇಳಿ. ಮುಂದಿನವರು ಅಟ್ಟಣೆ ತಲುಪಿ, ಕ್ಲಿಪ್ ಬಿಚ್ಚಿ, ಕೂಗಿ ಹೇಳುವ ತನಕ ಹಿಂದಿನವರು ಕಾಲು ಎತ್ತಬಾರದು.

ಎರಡು ಮಾತು ಲಾವೋಸ್ ಬಗ್ಗೆ. 1964ರಿಂದ 1973ರ ನಡುವೆ ಅಮೆರಿಕ ಆ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಸಿಡಿಯದೆ ಮಣ್ಣಿನಲ್ಲಿ ಉಳಿದವು ಈಗಲೂ ಜನರ ಕೈಕಾಲು ತೆಗೆಯುತ್ತಿವೆ. ಹೆಚ್ಚು ಹೊಡೆತ ತಿಂದದ್ದು ಸಿಯೆಂಗ್ ಖ್ವಾಂಗ್ ಮತ್ತು ದಕ್ಷಿಣದ ಪ್ರಾಂತ್ಯಗಳು. ಆದರೂ ಆ ದೇಶದಲ್ಲಿ ಎಲ್ಲೇ ಇರಲಿ, ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ, ಮಣ್ಣಿನಲ್ಲಿ ಕಂಡ ಲೋಹದ ವಸ್ತು ಮುಟ್ಟಬೇಡಿ. ಎರಡನೆಯದು, ಬ್ಯಾಕ್‌ಪ್ಯಾಕರುಗಳು ಸೇರುವ ವಾಂಗ್ ವಿಯೆಂಗ್ ಊರಿನಲ್ಲಿ 2024ರ ನವೆಂಬರಿನಲ್ಲಿ ಮೆಥನಾಲ್ ಎಂಬ ವಿಷ ಬೆರೆತಿತ್ತೆನ್ನಲಾದ ಮದ್ಯದಿಂದ ಆರು ಮಂದಿ ವಿದೇಶಿ ಪ್ರವಾಸಿಗರು ಸತ್ತರು, ಹೆಚ್ಚಿನವರು ನಿಮ್ಮದೇ ವಯಸ್ಸಿನವರು. ಯಾರೇ ಪುಕ್ಕಟೆ ಗ್ಲಾಸು ಮುಂದಿಟ್ಟರೂ ಮುಟ್ಟಬೇಡಿ. ಇದನ್ನು ಅಕ್ಕನ ಮಾತು ಅಂತಲೇ ತಗೊಳ್ಳಿ.

ಮರದ ಮನೆ ಮುಗಿಸಿ ಹುಯೆ ಸಾಯ್‌ಗೆ ಬಂದ ಮೇಲೆ ವಾಪಸ್ ಬ್ಯಾಂಕಾಕಿಗೆ ಓಡಬೇಡಿ. ಅಲ್ಲಿಂದ ನಿಧಾನ ದೋಣಿ ಮೆಕಾಂಗ್ ಗುಂಟ ಎರಡು ಹಗಲು ಸಾಗಿ, ನಡುವೆ ಪಾಕ್‌ಬೆಂಗ್‌ನಲ್ಲಿ ರಾತ್ರಿ ತಂಗಿ, ಲುವಾಂಗ್ ಪ್ರಬಾಂಗ್ ಮುಟ್ಟಿಸುತ್ತದೆ. ಮೊಬೈಲು ಜೇಬಿಗೆ ಹಾಕಿ ಗೆಳೆಯರ ಜೊತೆ ಮಾತಾಡಲು ಅಷ್ಟು ಹೊತ್ತು ನಿಮಗೆ ಮುಂದೆ ಸಿಗುವುದು ಕಷ್ಟ.

ಪ್ರಶ್ನೆ: ಗೆಳತಿಯರೆಲ್ಲ ಹೊರಟಿದ್ದಾರೆ. ನನಗೆ ಎತ್ತರ ಕಂಡರೆ ಕಾಲು ನಡುಗುತ್ತದೆ. ಗುಡಿಬಂಡೆ ಕೋಟೆಯ ಮೇಲಿನಿಂದ ಕೆಳಗೆ ಇಣುಕಲೂ ಆಗಲಿಲ್ಲ. ಹೋಗಲೋ ಬಿಡಲೋ? – ಓದುಗಿ, ಗೌರಿಬಿದನೂರು

ಉತ್ತರ: ನಡುಗುವ ಕಾಲಿನಲ್ಲಿ ಬಂಡೆ ಹತ್ತಿದ ಹುಡುಗಿಯರನ್ನು ನಾನು ತುಂಬ ನೋಡಿದ್ದೇನೆ, ಕ್ಲಿಪ್ಪನ್ನು ಎಲ್ಲರಿಗಿಂತ ಜತನದಿಂದ ನೋಡುವವರು ಅವರೇ. ಹೆದರಿಕೆ ಇರುವುದು ಅಡ್ಡಿಯಲ್ಲ. ಆದರೆ ಇದೊಂದು ಕಡೆ ಹೋದ ಮೇಲೆ ‘ನಾನು ಮೆಟ್ಟಿಲಲ್ಲಿ ಬರ್ತೀನಿ’ ಅನ್ನುವ ಅವಕಾಶ ಇಲ್ಲ, ಮನೆಗೆ ಒಳಬರುವುದೂ ತಂತಿಯಲ್ಲೇ, ಹೊರಡುವುದೂ ತಂತಿಯಲ್ಲೇ. ಹಾಗಾಗಿ ದುಡ್ಡು ಕಟ್ಟುವ ಮುಂಚೆ ಇಲ್ಲೇ ಹತ್ತಿರ ಎಲ್ಲಾದರೂ ಗಿಡ್ಡ ಜಿಪ್‌ಲೈನಿನಲ್ಲಿ ಹೋಗಿ ನೋಡಿ.

ಹೋದಾಗ ಹೀಗೆ ಮಾಡಿ. ಅಟ್ಟಣೆಯ ಅಂಚಿಗೆ ಬಂದು ಒಮ್ಮೆಗೇ ಹಾರಬೇಡಿ. ಕಾಲು ಹಲಗೆಯ ಮೇಲೇ ಇರಲಿ, ಮೊಣಕಾಲು ಮಡಿಸಿ ನಿಧಾನಕ್ಕೆ ಹಾರ್ನೆಸ್ಸಿನಲ್ಲಿ ಕೂತುಕೊಳ್ಳಿ. ಪಟ್ಟಿ ತೊಡೆಗೆ ಬಿಗಿಯುತ್ತದೆ, ತಂತಿ ತುಸು ತಗ್ಗುತ್ತದೆ, ನಿಮ್ಮ ಭಾರ ಅದರ ಮೇಲೆ ಬಿದ್ದದ್ದು ಮೈಗೆ ಗೊತ್ತಾಗುತ್ತದೆ. ಬುದ್ಧಿ ಎಷ್ಟು ಹೇಳಿದರೂ ಕೇಳದ ಮೈ ಇದನ್ನು ಕೇಳುತ್ತದೆ. ಆಮೇಲೆ ಉಸಿರು ಹೊರಗೆ ಬಿಡಿ, ಎದುರಿನ ಮರದ ಮೇಲೆ ಕಣ್ಣು ನೆಡಿ, ಕಾಲು ಎತ್ತಿ.

ನಿಮ್ಮ ಗೆಳತಿಯರಿಗೂ ಒಂದು ಮಾತು: ಇವಳನ್ನು ಹಿಂದಿನಿಂದ ತಳ್ಳಬೇಡಿ, ‘ಏ ಏನಾಗಲ್ಲ ಹೋಗೇ’ ಅನ್ನಬೇಡಿ. ತಮಾಷೆಗೆ ತಳ್ಳಿಸಿಕೊಂಡವರು ಮತ್ತೆ ಯಾವತ್ತೂ ಎತ್ತರಕ್ಕೆ ಹೋಗದೇ ಉಳಿದದ್ದನ್ನು ನೋಡಿ ನನಗೆ ಸಂಕಟವಾಗಿದೆ. ಅವಳ ಮುಂದೆ ಒಬ್ಬರು, ಹಿಂದೆ ಒಬ್ಬರು ಇರಿ, ಹೊತ್ತು ಕೊಡಿ.

ಪ್ರಶ್ನೆ: ಇಪ್ಪತ್ತನಾಲ್ಕು ವರ್ಷದ ಮಗಳು ಹುಡುಗರು ಹುಡುಗಿಯರು ಸೇರಿದ ಗುಂಪಿನಲ್ಲಿ ಹೊರಟಿದ್ದಾಳೆ. ಗೋಡೆಯೇ ಇಲ್ಲದ ಮನೆಯಂತೆ, ರಾತ್ರಿ ಗೈಡೂ ಇರುವುದಿಲ್ಲವಂತೆ. ಬೇಡ ಅನ್ನಲೇ? – ಒಬ್ಬ ತಾಯಿ, ಚಿಂತಾಮಣಿ

ಉತ್ತರ: ಗೋಡೆ ಇಲ್ಲ ಅನ್ನುವುದು ನಿಜ. ಸುತ್ತ ಕಟಕಟೆ ಇದೆ, ಮೇಲೆ ಸೂರು ಇದೆ, ಹಾಸಿಗೆಗಳ ಸುತ್ತ ದಪ್ಪ ಬಟ್ಟೆಯ ಸೊಳ್ಳೆಪರದೆ ಇಳಿಬಿಡುತ್ತಾರೆ. ಸ್ನಾನದ ಮೂಲೆಯೂ ಶೌಚಾಲಯವೂ ಮೇಲೇ ಇವೆ. ರಾತ್ರಿ ಕಾಡು ತುಂಬ ಮಾತಾಡುತ್ತದೆ, ನಿದ್ದೆ ತಡವಾಗಿ ಬರುತ್ತದೆ.

ಬೇಡ ಅನ್ನಬೇಡಿ ಅಮ್ಮ. ಆ ವಯಸ್ಸಿಗೆ ಅದು ಅವಳ ನಿರ್ಧಾರ, ನೀವು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಪ್ರಯಾಣದ ವಿಮೆ ಮಾಡಿಸಿದ್ದಾಳೆಯೇ? ಮಾಡಿಸಿದ್ದರೆ ಜಿಪ್‌ಲೈನ್ ಅದರಲ್ಲಿ ಸೇರಿದೆಯೇ? ಎಷ್ಟೋ ಪಾಲಿಸಿಗಳು ಸಾಹಸ ಕ್ರೀಡೆಯನ್ನು ಹೊರಗಿಟ್ಟಿರುತ್ತವೆ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಗಾಯವಾದರೆ ಬೇರೆ ಊರಿಗೆ ಸಾಗಿಸುವ ಖರ್ಚು ಸೇರಿದೆಯೇ? ಹುಯೆ ಸಾಯ್ ಚಿಕ್ಕ ಊರು, ದೊಡ್ಡ ಚಿಕಿತ್ಸೆಗೆ ನದಿ ದಾಟಿ ಥಾಯ್ಲೆಂಡಿನ ಚಿಯಾಂಗ್ ರಾಯ್‌ಗೆ ಬರಬೇಕಾಗುತ್ತದೆ. ಮಲೇರಿಯಾ ಮಾತ್ರೆ, ರೇಬೀಸ್ ಮತ್ತು ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆಗಳ ಬಗ್ಗೆ ಹೊರಡುವುದಕ್ಕೆ ತಿಂಗಳು ಮೊದಲೇ ವೈದ್ಯರನ್ನು ಕೇಳಲಿ. ವಿಯೆಂಟಿಯಾನ್‌ನ ಭಾರತೀಯ ರಾಯಭಾರ ಕಚೇರಿಯ ನಂಬರು ಅವಳ ಬಳಿಯೂ ನಿಮ್ಮ ಬಳಿಯೂ ಇರಲಿ. ಕಾಡಿನೊಳಗೆ ಫೋನ್ ಸಿಗುವುದನ್ನು ನೆಚ್ಚಿಕೊಳ್ಳಬೇಡಿ. ಯಾವ ದಿನ ಒಳಗೆ, ಯಾವ ದಿನ ಹೊರಗೆ ಎಂದು ಕ್ಯಾಲೆಂಡರಿನ ಮೇಲೆ ಅವಳ ಕೈಯಲ್ಲೇ ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ನಾನು ಶುದ್ಧ ಸಸ್ಯಾಹಾರಿ. ಉಪವಾಸವೇ ಗತಿಯಾ? – ಓದುಗ, ತಿಪಟೂರು

ಉತ್ತರ: ಇಲ್ಲ. ಅಲ್ಲಿನ ಮುಖ್ಯ ಅನ್ನ ಅಂಟಕ್ಕಿಯದು, ಬುಟ್ಟಿಯಲ್ಲಿ ಹಬೆಗೆ ಬೇಯಿಸಿ ಕೈಯಲ್ಲಿ ಉಂಡೆ ಮಾಡಿ ತಿನ್ನುತ್ತಾರೆ. ತೊಡಕು ಇರುವುದು ಪಲ್ಯದಲ್ಲಿ. ಮೀನಿನ ಸಾಸ್, ಕೊಳೆಸಿದ ಮೀನಿನ ಪಾದೇಕ್ ಎಲ್ಲದಕ್ಕೂ ಬೀಳುತ್ತದೆ, ಅವರಿಗೆ ಅದು ನಮಗೆ ಉಪ್ಪು ಹುಳಿ ಇದ್ದ ಹಾಗೆ, ಮಾಂಸ ಬೇಡ ಅಂದರೂ ಹಾಕಿರುತ್ತಾರೆ. ಬುಕ್ ಮಾಡುವಾಗಲೇ ಬರೆದು ತಿಳಿಸಿ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ (ಸಸ್ಯಾಹಾರ) ಎಂದು ಬರೆದ ಅಂಗಡಿ ಕಂಡರೆ ನಿಶ್ಚಿಂತೆಯಿಂದ ಕೂರಿ. ನಾನು ರಾಗಿ ಹುರಿಹಿಟ್ಟು, ಬೆಲ್ಲ, ಶೇಂಗಾ ಚಟ್ನಿಪುಡಿ ಒಯ್ದಿದ್ದೆ. ಗೆಳತಿಯರು ಅಂಟಕ್ಕಿಗೆ ಚಟ್ನಿಪುಡಿ ಹಚ್ಚಿ ಖಾಲಿ ಮಾಡಿಬಿಟ್ಟರು, ನೀವು ಹೆಚ್ಚು ಒಯ್ಯಿರಿ. ಆದರೆ ಮುಚ್ಚಳ ಭದ್ರವಾಗಿರಲಿ. ಮರದ ಮನೆಗೂ ಇಲಿ ಬರುತ್ತದೆ, ಚೀಲದ ಬಟ್ಟೆಯನ್ನೇ ಕಡಿಯುತ್ತದೆ.

ಪ್ರಶ್ನೆ: ತೋಟದಲ್ಲಿ ನೂರು ವರ್ಷದ್ದಿರಬಹುದಾದ ಹುಣಸೆಮರ ಇದೆ. ಮೊಮ್ಮಕ್ಕಳಿಗೆ ಅದರ ಮೇಲೊಂದು ಮನೆ ಕಟ್ಟಿ, ಅಲ್ಲಿಂದ 100 ಮೀಟರ್ ಆಚೆ ಬದುವಿನ ತೆಂಗಿನಮರಕ್ಕೆ ತಂತಿ ಎಳೆಯಬೇಕೆಂದಿದ್ದೇನೆ. ವೆಲ್ಡಿಂಗ್ ಹುಡುಗ ಮಾಡಿಕೊಡುತ್ತೇನೆ ಅಂದಿದ್ದಾನೆ. – ರೈತ, ಮುಳಬಾಗಿಲು ತಾಲ್ಲೂಕು

ಉತ್ತರ: ಮನೆ ಕಟ್ಟಿ. ತಂತಿ ಬೇಡ. ಎರಡಕ್ಕೂ ಕಾರಣ ಹೇಳುತ್ತೇನೆ, ಇಡೀ ಪತ್ರಗಳ ರಾಶಿಯಲ್ಲಿ ನನಗೆ ಅತಿ ಇಷ್ಟವಾದದ್ದು ನಿಮ್ಮ ಪತ್ರ.

ಮೊದಲು ತಂತಿ. 100 ಮೀಟರ್ ತಂತಿಯ ನಡುವೆ 80 ಕಿಲೋದ ಒಬ್ಬರು ತೂಗುತ್ತಿದ್ದಾರೆ, ಅಲ್ಲಿ ತಂತಿ 2 ಮೀಟರ್ ಜೋಲು ಬಿದ್ದಿದೆ ಅಂದುಕೊಳ್ಳಿ. ಮರಕ್ಕೆ ಬೀಳುವ ಎಳೆತ 80 ಕಿಲೋ ಅಲ್ಲ, ಸುಮಾರು 1,000 ಕಿಲೋ. ಜೋಲನ್ನು 5 ಮೀಟರಿಗೆ ಬಿಟ್ಟರೆ ಅದೇ ಎಳೆತ 400 ಕಿಲೋಗೆ ಇಳಿಯುತ್ತದೆ. ಬಿಗಿದಷ್ಟೂ ಅಪಾಯ ಹೆಚ್ಚು. ನಮ್ಮ ಜನ ಮಾತ್ರ ಬಿಗಿದಷ್ಟೂ ಗಟ್ಟಿ ಎಂದು ನಂಬುತ್ತಾರೆ. ಈ ಎಳೆತ ಅಡ್ಡಕ್ಕೆ ಬೀಳುವಂಥದ್ದು, ಅದೂ ಎತ್ತರದಲ್ಲಿ. ತೆಂಗಿನಮರದ ಬೇರು ದಾರದಂಥವು, ಬುಡದ ಸುತ್ತ ಹರಡಿರುತ್ತವೆ, ತಾಯಿಬೇರು ಇಲ್ಲ. ತೊಗಟೆಯ ಒಳಗೆ ಬೆಳೆದು ಗಾಯ ಮುಚ್ಚುವ ಪದರವೂ ಅದಕ್ಕಿಲ್ಲ, ತಂತಿ ಕೊರೆದ ಗಾಯ ಮರ ಇರುವ ತನಕ ಗಾಯವೇ.

ಇನ್ನೊಂದು ಸಂಗತಿ. ನಮ್ಮ ಕಡೆಯ ಒಂದು ರೆಸಾರ್ಟಿನಲ್ಲಿ ತಂತಿಯ ತುದಿ ಮಡಿಸಿ ಯು ಆಕಾರದ ಕ್ಲಾಂಪ್ ಹಾಕಿದ್ದನ್ನು ಕಂಡೆ. ಹೊರೆ ಹೊರುವ ಎಳೆಯ ಮೇಲೆ ಕ್ಲಾಂಪಿನ ಅಗಲವಾದ ತಡಿ ಕೂರಬೇಕು, ಯು ಬೋಲ್ಟು ಮಡಿಸಿದ ತುದಿಯ ಕಡೆ ಇರಬೇಕು. ಅಲ್ಲಿ ತಿರುಗುಮುರುಗಾಗಿತ್ತು, ಬೋಲ್ಟು ಹೊರೆಯ ಎಳೆಯನ್ನೇ ಜಜ್ಜಿತ್ತು. ಮಕ್ಕಳು ಸಾಲಿನಲ್ಲಿ ನಿಂತಿದ್ದರು. ಹೇಳಿದೆ, ‘ಇಷ್ಟು ದಿನ ಏನೂ ಆಗಿಲ್ಲ ಮೇಡಂ’ ಅಂದರು. ಬರೆದೂ ಕೊಟ್ಟು ಬಂದೆ. ಈಗಲೂ ನೆನೆದರೆ ಹೊಟ್ಟೆಯಲ್ಲಿ ಸಂಕಟ. ನಿಮ್ಮ ವೆಲ್ಡಿಂಗ್ ಹುಡುಗ ಕೆಲಸದಲ್ಲಿ ಜಾಣನೇ ಇರಬಹುದು, ಆದರೆ ಇದು ಲೆಕ್ಕ ಹಾಕಿ, ಪ್ರತಿದಿನ ತಪಾಸಣೆ ಮಾಡಿ, ಸವೆದದ್ದನ್ನು ಬದಲಿಸುತ್ತಲೇ ಇರಬೇಕಾದ ಕೆಲಸ. ಮೊಮ್ಮಕ್ಕಳ ವಿಷಯದಲ್ಲಿ ಅಂದಾಜಿನ ಮೇಲೆ ಹೋಗಬೇಡಿ.

ಈಗ ಮನೆ. ಹುಣಸೆಗಿಂತ ಒಳ್ಳೆಯ ಮರ ನಿಮಗೆ ಸಿಗಲಾರದು. ಬೇರು ಆಳ, ಮರ ಗಟ್ಟಿ, ಗಾಳಿಗೆ ಬಾಗುತ್ತದೆ, ಸುಲಭಕ್ಕೆ ಸೀಳುವುದಿಲ್ಲ. ನೀಲಗಿರಿಯ ಮೇಲೆ ಕಟ್ಟುತ್ತೇನೆ ಅಂದಿದ್ದರೆ ಬೇಡ ಅನ್ನುತ್ತಿದ್ದೆ, ಅದು ಹೇಳದೆ ಕೇಳದೆ ಕೊಂಬೆ ಉದುರಿಸುತ್ತದೆ. ಆದರೂ ನೂರು ವರ್ಷದ ಮರದಲ್ಲಿ ಪೊಟರೆ ಇರಬಹುದು. ಕಾಂಡವನ್ನು ಕೊಡತಿಯಿಂದ ಸುತ್ತಲೂ ತಟ್ಟಿ, ಡೊಳ್ಳು ಸದ್ದು ಬಂದ ಕಡೆ ಭಾರ ಇಡಬೇಡಿ. ಎತ್ತರ ಎಂಟು ಹತ್ತು ಅಡಿ ಸಾಕು. ತಂತಿಯನ್ನಾಗಲಿ ನೈಲಾನ್ ಹಗ್ಗವನ್ನಾಗಲಿ ಕೊಂಬೆಗೆ ಸುತ್ತಿ ಬಿಗಿಯಬೇಡಿ. ಮರ ದಪ್ಪವಾಗುತ್ತಾ ಹೋದ ಹಾಗೆ ಅದು ತೊಗಟೆಯೊಳಗೆ ಹೂತು, ಎಲೆಯಿಂದ ಬೇರಿಗೆ ಇಳಿಯುವ ಆಹಾರ ತಡೆದು, ಕೊಂಬೆಯನ್ನು ಕೊಲ್ಲುತ್ತದೆ. ಹತ್ತಾರು ಮೊಳೆಗಿಂತ ಒಂದೇ ದಪ್ಪ ಬೋಲ್ಟು ಮರಕ್ಕೆ ಕಡಿಮೆ ನೋವು. ಕಾಂಡದ ಸುತ್ತ ಹಲಗೆಗೆ ನಾಲ್ಕು ಬೆರಳು ಜಾಗ ಬಿಡಿ. ಎರಡು ಕೊಂಬೆಗಳ ಮೇಲೆ ತೊಲೆ ಕೂರಿಸುವುದಾದರೆ ಒಂದು ಕಡೆ ಬಿಗಿಯಿರಿ, ಇನ್ನೊಂದು ಕಡೆ ಜಾರುವ ಹಾಗೆ ಬಿಡಿ, ಗಾಳಿಗೆ ಕೊಂಬೆಗಳು ಬೇರೆಬೇರೆಯಾಗಿ ತೂಗುತ್ತವೆ. ಇನ್ನೂ ನಿಶ್ಚಿಂತೆ ಬೇಕೆಂದರೆ ಹಂದಿ ಕಾಯಲು ಹೊಲದಲ್ಲಿ ಅಟ್ಟಣೆ ಹಾಕುತ್ತೇವಲ್ಲ, ಹಾಗೆ ನಾಲ್ಕು ಕಂಬ ನೆಟ್ಟು ಭಾರವೆಲ್ಲ ಕಂಬಕ್ಕೆ ಕೊಡಿ, ಮರ ನೆರಳಿಗೆ ಮಾತ್ರ ಇರಲಿ. ಕಟಕಟೆ ಮಗುವಿನ ಎದೆಯಷ್ಟು ಎತ್ತರ, ಸರಳುಗಳ ನಡುವೆ ತಲೆ ತೂರದಷ್ಟು ಸಂದು. ಏಪ್ರಿಲ್, ಮೇ ಗುಡುಗಿಗೆ ಮೋಡ ಕಟ್ಟಿದ ಕೂಡಲೇ ಎಲ್ಲರೂ ಕೆಳಗೆ ಇಳಿದು ಮನೆ ಸೇರಬೇಕು.

ಪ್ರಶ್ನೆ: ಜಿಪ್‌ಲೈನಿನಲ್ಲಿ ಸೆಲ್ಫಿ ಸ್ಟಿಕ್ ಹಿಡಿಯಬಹುದಾ? – ಓದುಗ, ಮಾಲೂರು

ಉತ್ತರ: ಬೇಡ. ಆ ಕೈ ಬ್ರೇಕಿಗೆ ಬೇಕು.

ಪ್ರಶ್ನೆ: ಅಷ್ಟು ದೂರ ಹೋಗಿ ಗಿಬ್ಬನ್ ನೋಡಿದಿರಾ? ನಮ್ಮ ದೇಶದಲ್ಲೂ ಇದೆಯಂತೆ, ಹೌದಾ? – ಬಿ.ಎಸ್ಸಿ. ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಈ ಪ್ರಶ್ನೆ ಒಬ್ಬರಾದರೂ ಕೇಳಿದ್ದು ಸಂತೋಷ. ಆ ಮನೆಗಳು ಅಲ್ಲಿರುವುದೇ ಗಿಬ್ಬನ್‌ಗಾಗಿ. ನಾಮ್ ಕಾನ್‌ನಲ್ಲಿರುವುದು ಕಪ್ಪು ಜುಟ್ಟಿನ ಗಿಬ್ಬನ್, ಅತಿಯಾಗಿ ಅಳಿವಿನಂಚಿನಲ್ಲಿರುವ ಜೀವಿ. ಪ್ರವಾಸಿಗರು ಕೊಟ್ಟ ಹಣ ಕಾಡಿನ ಕಾವಲಿಗೂ ಸುತ್ತಲ ಹಳ್ಳಿಯವರ ಕೂಲಿಗೂ ಹೋಗಲಿ, ಮರ ಕಡಿಯುವುದಕ್ಕಿಂತ ಮರ ಉಳಿಸುವುದರಲ್ಲಿ ಅವರಿಗೆ ದುಡಿಮೆ ಸಿಗಲಿ ಅನ್ನುವುದು ಇದರ ಹಿಂದಿನ ಯೋಚನೆ.

ಮೊದಲು ಕೇಳಿಸಿದ್ದು ದನಿ. ಬೆಳಕು ಹರಿಯುವ ಹೊತ್ತಿಗೆ ಗಂಡು ಶುರುಮಾಡುತ್ತದೆ, ಹೆಣ್ಣು ನಡುವೆ ಸೇರಿ ಸ್ವರ ಏರಿಸುತ್ತಾ ಹೋಗುತ್ತದೆ, ಕಣಿವೆ ದಾಟಿ ದೂರದವರೆಗೆ ಕೇಳುತ್ತದೆ. ಆಮೇಲೆ ಎದುರಿನ ಮರದಲ್ಲಿ ಒಂದು ಕಂಡಿತು, ಹೊಂಬಣ್ಣದ್ದು, ಹೆಣ್ಣು. ಗಂಡು ಕಪ್ಪು. ಮರಿಗಳು ಹುಟ್ಟುವಾಗ ತಿಳಿ ಬಣ್ಣ, ಬೆಳೆಯುತ್ತಾ ಕಪ್ಪಾಗುತ್ತವೆ, ಹೆಣ್ಣು ಮಾತ್ರ ಪ್ರಾಯಕ್ಕೆ ಬಂದಾಗ ಮತ್ತೆ ಹೊನ್ನಿಗೆ ತಿರುಗುತ್ತದೆ. ಬಾಲ ಇಲ್ಲ, ಇವು ಕೋತಿಯ ಜಾತಿಯಲ್ಲ, ಮನುಷ್ಯ, ಚಿಂಪಾಂಜಿಗಳ ಕಡೆಯ ನೆಂಟರು. ನಮ್ಮ ಗುಂಪಿನಲ್ಲಿ ಯಾರೂ ಕೂಗಲಿಲ್ಲ, ಪಾಟುಗಟ್ಟಲೆ ಕಾಫಿ ತಣ್ಣಗಾಯಿತು. ಎಷ್ಟೋ ಗುಂಪುಗಳಿಗೆ ಅದು ಕಾಣುವುದೇ ಇಲ್ಲ. ರಾತ್ರಿಯೆಲ್ಲ ಸ್ಪೀಕರ್ ಹಾಕಿ ಕುಣಿದವರಿಗಂತೂ ಕಾಣಲಾರದು.

ನಮ್ಮ ದೇಶದಲ್ಲೂ ಇದೆ. ಈಶಾನ್ಯ ರಾಜ್ಯಗಳಲ್ಲಿರುವ ಹುಲಾಕ್ ಗಿಬ್ಬನ್. ಅಸ್ಸಾಮಿನ ಜೋರ್‌ಹಾಟ್ ಜಿಲ್ಲೆಯ ಹೊಲ್ಲೊಂಗಾಪಾರ್ ಅಭಯಾರಣ್ಯ ಅದಕ್ಕೆ ಹೆಸರಾದದ್ದು, 1997ರಲ್ಲಿ ಅಭಯಾರಣ್ಯವಾಯಿತು. ಸುತ್ತಲೂ ಚಹಾ ತೋಟ, ನಡುವೆ ದ್ವೀಪದ ಹಾಗೆ ಉಳಿದ ಕಾಡು, ಆ ಕಾಡನ್ನೂ ಒಂದು ರೈಲು ಹಳಿ ಸೀಳಿಕೊಂಡು ಹೋಗಿದೆ. ಗಿಬ್ಬನ್ ನೆಲಕ್ಕೆ ಇಳಿಯುವುದು ಬಲು ಅಪರೂಪ, ಕೊಂಬೆಗೆ ಕೊಂಬೆ ತಾಗದಿದ್ದರೆ ಆಚೆಯದು ಆಚೆ, ಈಚೆಯದು ಈಚೆ. ಇದನ್ನು ಓದಿದ್ದಕ್ಕಿಂತ ಆ ಹಳಿಯ ಪಕ್ಕ ನಿಂತು ನೋಡಿದರೆ ನಿಮ್ಮ ಪ್ರಾಣಿಶಾಸ್ತ್ರದ ಪುಸ್ತಕ ಬೇರೆಯಾಗಿ ಕಾಣುತ್ತದೆ. ಪಾಸ್‌ಪೋರ್ಟು ಬೇಡ, ಹತ್ತಿರದ ರೈಲು ನಿಲ್ದಾಣ ಮರಿಯಾನಿ. ಹಿಂದಿನ ದಿನವೇ ಅರಣ್ಯ ಇಲಾಖೆಯವರಿಂದ ಪರವಾನಗಿ ವಿಚಾರಿಸಿಟ್ಟುಕೊಂಡು ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಹಾಡು ಕೇಳಸಿಗುವುದು ಕಡಿಮೆ.